ಮನೋವೈದ್ಯರ ಬಾಗಿಲಿನಾಚೆ

ದೊಡ್ಡಮ್ಮನ ಬಳಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಜವಳಿ ಅಂಗಡಿಯವರು ಕೊಟ್ಟದ್ದು, ಹಿಡಿಕೆ ಹರಿದು ಗಂಟು ಹಾಕಿದ್ದು. ಅದರೊಳಗೆ ನಾಲ್ಕು ಇಸಿಜಿ, ಎರಡು ಥೈರಾಯ್ಡ್ ರಿಪೋರ್ಟ್, ಹೊಟ್ಟೆಯ ಎಂಡೋಸ್ಕೋಪಿ, ತಲೆಯ ಸ್ಕ್ಯಾನ್, ಬೇರೆ ಬೇರೆ ಊರುಗಳ ವೈದ್ಯರು ಬರೆದುಕೊಟ್ಟ ಚೀಟಿಗಳು. ಮೊದಲ ಇಸಿಜಿಯ ಗೆರೆಗಳು ಮಾಸಿ ಕಾಗದವೇ ಬಿಳಿಚಿಕೊಂಡಿತ್ತು. ಒಂದೂವರೆ ವರ್ಷದಿಂದ ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಹೊಟ್ಟೆಯಲ್ಲಿ ಉರಿ, ಕೈಕಾಲು ಜೋಮು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ತೋರಿಸಿದ ಕಡೆಯಲ್ಲೆಲ್ಲ ‘ಎಲ್ಲ ನಾರ್ಮಲ್ ಇದೆ ಅಮ್ಮ, ಏನೂ ಇಲ್ಲ’ ಎಂಬುದೇ ಉತ್ತರ. ಆ ಮಾತು ಕೇಳಿದಾಗಲೆಲ್ಲ ಅವರ ಮುಖ ಇನ್ನಷ್ಟು ಬಾಡುತ್ತಿತ್ತು. ಏನೂ ಇಲ್ಲದಿದ್ದರೆ ಈ ಸಂಕಟ ಎಲ್ಲಿಂದ ಬರುತ್ತಿದೆ?

ಊರಿನ ಆಶಾ ಕಾರ್ಯಕರ್ತೆ ಒಂದು ದಿನ ‘ಒಮ್ಮೆ ಮನೋವೈದ್ಯರಿಗೆ ತೋರಿಸಿ ನೋಡಿ’ ಎಂದಳು. ‘ಅವಳಿಗೇನು ಹುಚ್ಚು ಹಿಡಿದಿದೆಯೇ?’ ಎಂದು ದೊಡ್ಡಪ್ಪ ಎದ್ದು ಹೊರಗೆ ಹೋದರು. ದೊಡ್ಡಮ್ಮ ಏನೂ ಹೇಳಲಿಲ್ಲ. ಮತ್ತೆ ಐದು ತಿಂಗಳು ಹಾಗೆಯೇ ಕಳೆದವು.

ಚೇತರಿಸಿಕೊಂಡ ಮೇಲೆ, ಆ ಐದು ತಿಂಗಳು ನಿಮ್ಮನ್ನು ತಡೆದದ್ದು ಏನು ಎಂದು ಕೇಳಿದೆ. ನಾಚಿಕೆ ಎನ್ನುತ್ತಾರೆಂದು ನಾನು ಎಣಿಸಿದ್ದೆ. ಅವರು ಹೇಳಿದ್ದು ಬೇರೆ. ಹೋದರೆ ಅಲ್ಲೇ ಇರಿಸಿಕೊಂಡುಬಿಡುತ್ತಾರೇನೋ, ತಲೆಗೆ ಕರೆಂಟ್ ಕೊಡುತ್ತಾರೇನೋ, ಮಾತ್ರೆ ಶುರುವಾದರೆ ಸಾಯುವವರೆಗೂ ಬಿಡುವ ಹಾಗಿಲ್ಲವೇನೋ, ಹೆಸರು ಎಲ್ಲಾದರೂ ದಾಖಲಾಗಿ ಮೊಮ್ಮಗಳ ಸಂಬಂಧಕ್ಕೆ ತೊಡಕಾಗುತ್ತದೇನೋ ಎಂಬ ಭಯಗಳು. ನಾಲ್ಕೂ ಭಯಗಳಿಗೆ ಉತ್ತರವಿದೆ, ಆದರೆ ಅದನ್ನು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ನೆರವು ಪಡೆಯಲು ಧೈರ್ಯ ಬೇಕು ಎಂದು ನಾವೆಲ್ಲ ಹೇಳುತ್ತೇವೆ. ಆ ಬಾಗಿಲಿನಾಚೆ ಏನು ನಡೆಯುತ್ತದೆಂಬ ತಿಳಿವಳಿಕೆ ಇದ್ದರೆ ಬೇಕಾಗುವ ಧೈರ್ಯ ಬಹಳ ಕಡಿಮೆ ಎಂಬುದು ನನ್ನ ಅನಿಸಿಕೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡಮ್ಮನಂಥವರು ಅಪರೂಪವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಆ ಹೊತ್ತಿನಲ್ಲಿ ಚಿಕಿತ್ಸೆ ಬೇಕಾಗುವಂಥ ಮಾನಸಿಕ ತೊಂದರೆ ಇತ್ತು. ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಕಾಯಿಲೆ ಯಾವುದು ಎಂಬುದರ ಮೇಲೆ ವ್ಯತ್ಯಾಸವಾಗುತ್ತದೆಯಾದರೂ, ಚಿಕಿತ್ಸೆ ಸಿಗದವರ ಪ್ರಮಾಣ ಶೇಕಡಾ 70ರಿಂದ 92ರವರೆಗೆ ಇತ್ತು. ನೂರು ಜನ ಸಕ್ಕರೆ ಕಾಯಿಲೆಯವರಲ್ಲಿ ಎಂಬತ್ತು ಜನ ಔಷಧಿಯೇ ಇಲ್ಲದೆ ಓಡಾಡುತ್ತಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಮೊದಲು ಆ ಕವರಿನ ವಿಷಯ. ಇಷ್ಟು ಪರೀಕ್ಷೆ ಮಾಡಿದರೂ ಏಕೆ ಏನೂ ಸಿಗಲಿಲ್ಲ? ಮನೆಯ ಕಾವಲು ನಾಯಿಯನ್ನು ನೆನಪಿಸಿಕೊಳ್ಳಿ. ಕಳ್ಳ ಬಂದಾಗ ಬೊಗಳಬೇಕಾದ ನಾಯಿ, ಯಾರೂ ಇಲ್ಲದಿದ್ದರೂ ರಾತ್ರಿಯಿಡೀ ಬೊಗಳತೊಡಗುತ್ತದೆ. ನೀವು ಎದ್ದು ಹೋಗಿ ಬೀಗ ನೋಡುತ್ತೀರಿ, ಭದ್ರವಾಗಿದೆ. ಹಿತ್ತಿಲ ಬಾಗಿಲು ನೋಡುತ್ತೀರಿ, ಅದೂ ಸರಿಯಾಗಿದೆ. ಹತ್ತು ಸಲ ಬೀಗ ನೋಡಿದರೂ ನಾಯಿ ಸುಮ್ಮನಾಗುವುದಿಲ್ಲ, ಏಕೆಂದರೆ ತೊಂದರೆ ಇರುವುದು ಬೀಗದಲ್ಲಿ ಅಲ್ಲ. ಅಪಾಯ ಕಂಡಾಗ ದೇಹವನ್ನು ಎಬ್ಬಿಸುವ ವ್ಯವಸ್ಥೆ ಮಿದುಳಿನಲ್ಲಿದೆ. ಅದು ಎಚ್ಚೆತ್ತರೆ ಅಡ್ರಿನಾಲಿನ್ ಬಿಡುಗಡೆಯಾಗುತ್ತದೆ, ಎದೆ ಬಡಿತ ಏರುತ್ತದೆ, ಉಸಿರು ಬಿಗಿಯುತ್ತದೆ, ಹೊಟ್ಟೆ ಕಿವುಚುತ್ತದೆ, ಬೆರಳುಗಳು ಜುಮ್ಮೆನ್ನುತ್ತವೆ. ಆತಂಕದ ಕಾಯಿಲೆಯಲ್ಲಿ ಈ ವ್ಯವಸ್ಥೆ ಕಾರಣವಿಲ್ಲದೆಯೇ ಎಚ್ಚೆತ್ತಿರುತ್ತದೆ. ಇಸಿಜಿ ನೋಡುವುದು ಬೀಗವನ್ನು. ಬೀಗ ಸರಿಯಾಗಿದೆ ಎಂದು ಅದು ಹೇಳಿದ್ದೂ ನಿಜ, ನಾಯಿ ಬೊಗಳುತ್ತಿರುವುದೂ ನಿಜ. ಆದ್ದರಿಂದ ‘ಏನೂ ಇಲ್ಲ’ ಎಂಬ ಮಾತು ತಪ್ಪು. ‘ಹೃದಯದಲ್ಲಿ ಏನೂ ಇಲ್ಲ, ಬೇರೆ ಕಡೆ ನೋಡೋಣ’ ಎನ್ನಬೇಕಿತ್ತು.

ನಮ್ಮಲ್ಲಿ ಖಿನ್ನತೆಯೂ ಹೀಗೆ ಮೈಯ ಭಾಷೆಯಲ್ಲೇ ಮಾತನಾಡುತ್ತದೆ. ‘ನನಗೆ ಖಿನ್ನತೆಯಾಗಿದೆ’ ಎಂದು ಹಳ್ಳಿಯ ಯಾವ ಹೆಂಗಸೂ ಹೇಳುವುದಿಲ್ಲ. ಸುಸ್ತು, ತಲೆಭಾರ, ಮೈಕೈ ನೋವು, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎನ್ನುತ್ತಾಳೆ. ಗಂಡಸರಲ್ಲಿ ಎಷ್ಟೋ ಸಲ ಅದು ಸಿಡುಕಾಗಿ, ಕುಡಿತವಾಗಿ ಹೊರಬೀಳುತ್ತದೆ. ದುಃಖಕ್ಕೂ ಖಿನ್ನತೆಗೂ ಇರುವ ಗೆರೆಯನ್ನು ವೈದ್ಯರು ಸುಮಾರಾಗಿ ಹೀಗೆ ಎಳೆಯುತ್ತಾರೆ: ಕನಿಷ್ಠ ಎರಡು ವಾರ, ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು ಅಥವಾ ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸುವುದು, ಜೊತೆಗೆ ನಿದ್ದೆ, ಹಸಿವು, ಗಮನ, ಶಕ್ತಿ ಇವುಗಳಲ್ಲಿ ಏರುಪೇರು, ತಾನು ಯಾವುದಕ್ಕೂ ಬಾರದವಳೆಂಬ ಭಾವ, ಸಾವಿನ ಯೋಚನೆ. ಇದರಿಂದ ದಿನನಿತ್ಯದ ಕೆಲಸ ಕೆಡತೊಡಗಿದರೆ ಅದು ಸ್ವಭಾವವೂ ಅಲ್ಲ, ಸೋಮಾರಿತನವೂ ಅಲ್ಲ. ದೊಡ್ಡಮ್ಮ ಮುಂಜಾನೆ ಅಂಗಳ ಸಾರಿಸುವುದನ್ನು ಬಿಟ್ಟು ಎಂಟು ತಿಂಗಳಾಗಿತ್ತು. ನಾವು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು.

ಕೊನೆಗೂ ನಾನು ಅವರನ್ನು ಕರೆದುಕೊಂಡು ಹೋದದ್ದು ತಾಲ್ಲೂಕು ಆಸ್ಪತ್ರೆಗೆ, ಒಂದು ಮಂಗಳವಾರ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ ಅದು. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಸಮವಸ್ತ್ರದಲ್ಲಿದ್ದ ಒಬ್ಬ ಬಸ್ ಕಂಡಕ್ಟರ್, ಮಗುವನ್ನು ಎತ್ತಿಕೊಂಡಿದ್ದ ತಾಯಿ, ಕಾಲೇಜು ಹುಡುಗ. ದೊಡ್ಡಮ್ಮ ಸೆರಗಿನ ಮರೆಯಿಂದಲೇ ಒಬ್ಬೊಬ್ಬರನ್ನೂ ನೋಡಿ, ‘ಇವರೆಲ್ಲ ಚೆನ್ನಾಗಿಯೇ ಇದ್ದಾರಲ್ಲ’ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಒಳಗೆ ಮೂವತ್ತರ ಆಸುಪಾಸಿನ ವೈದ್ಯೆ. ಮಂಚವಿಲ್ಲ, ಯಂತ್ರವಿಲ್ಲ, ಮೇಜು ಮತ್ತು ಮೂರು ಕುರ್ಚಿಗಳು. ಮೊದಲ ಭೇಟಿ ಎಂದರೆ ಬಹುಪಾಲು ಪ್ರಶ್ನೆಗಳೇ. ತೊಂದರೆ ಯಾವಾಗ ಶುರುವಾಯಿತು, ನಿದ್ದೆ ಬರುವುದೇ ಕಷ್ಟವೋ ಬಂದ ಮೇಲೆ ಎಚ್ಚರವಾಗುತ್ತದೋ, ಹಸಿವು ಹೇಗಿದೆ, ತೂಕ ಇಳಿದಿದೆಯೇ, ಮನೆಯಲ್ಲಿ ಇನ್ನಾರಿಗಾದರೂ ಹೀಗಾಗಿತ್ತೇ, ಬಿ.ಪಿ., ಸಕ್ಕರೆ, ಥೈರಾಯ್ಡ್ ಇವೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಥೈರಾಯ್ಡ್ ಗ್ರಂಥಿ ಮಂದವಾದರೂ, ಬಿ12 ಜೀವಸತ್ವ ಕಡಿಮೆಯಾದರೂ ಖಿನ್ನತೆಯಂತೆಯೇ ಕಾಣಿಸಬಹುದು, ಹಾಗಾಗಿ ಹಳೆಯ ರಿಪೋರ್ಟುಗಳನ್ನೆಲ್ಲ ಅವರು ಒಂದೊಂದಾಗಿ ಬಿಡಿಸಿ ನೋಡಿದರು. ಆ ಕವರಿಗೆ ಮೊದಲ ಬಾರಿ ಮರ್ಯಾದೆ ಸಿಕ್ಕಿದ್ದು ಅಲ್ಲಿ.

ಆಮೇಲೆ ನನ್ನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದರು. ಮನೆಯವರ ಮುಂದೆ ಹೇಳಲಾಗದ ಮಾತು ಯಾರಿಗಾದರೂ ಇರುತ್ತದೆ. ಒಳಗೆ ನಡೆದದ್ದನ್ನು ದೊಡ್ಡಮ್ಮನೇ ಮನೆಗೆ ಬರುವಾಗ ಬಸ್ಸಿನಲ್ಲಿ ಹೇಳಿದರು. ‘ಬದುಕಿ ಏನು ಪ್ರಯೋಜನ ಎಂದು ಯಾವಾಗಲಾದರೂ ಅನಿಸಿದೆಯೇ ಅಮ್ಮ?’ ಎಂದು ವೈದ್ಯೆ ನೇರವಾಗಿಯೇ ಕೇಳಿದರಂತೆ. ‘ಅನಿಸಿದೆ ಮೇಡಂ’ ಎಂದರಂತೆ ಇವರು. ಒಂದೂವರೆ ವರ್ಷದಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ನಾವು ಹೆದರುತ್ತೇವೆ. ಹಾಗೆ ಆಗುವುದಿಲ್ಲ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆ ಯೋಚನೆಯನ್ನು ಒಬ್ಬರೇ ಹೊತ್ತು ತಿರುಗುತ್ತಿದ್ದವರಿಗೆ ಯಾರಾದರೂ ಸಮಾಧಾನದಿಂದ ಕೇಳಿದರೆ ಹೊರೆ ಇಳಿಯುತ್ತದೆ. ಬಸ್ಸಿನಲ್ಲಿ ದೊಡ್ಡಮ್ಮ ಅತ್ತರು. ನಾನು ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದೆ.

ಮಾತ್ರೆಗಳ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಬಹಳ ಸಲ ಇಲ್ಲಿಯೇ. ಖಿನ್ನತೆಗೂ ಆತಂಕಕ್ಕೂ ಸಾಮಾನ್ಯವಾಗಿ ಕೊಡುವುದು ಎಸ್ಸಿಟಾಲೊಪ್ರಾಮ್, ಫ್ಲೂಆಕ್ಸೆಟಿನ್, ಸರ್ಟ್ರಲಿನ್ ಎಂಬ ಗುಂಪಿನ ಮಾತ್ರೆ. ಮಿದುಳಿನ ನರಕೋಶಗಳ ನಡುವೆ ಸೆರೊಟೋನಿನ್ ಎಂಬ ಸಂದೇಶವಾಹಕ ಹೆಚ್ಚು ಹೊತ್ತು ಉಳಿಯುವಂತೆ ಇವು ಮಾಡುತ್ತವೆ. ‘ಸೆರೊಟೋನಿನ್ ಕಡಿಮೆಯಾಗಿದೆ, ತುಂಬಿಸುತ್ತೇವೆ’ ಎಂಬ ಹಳೆಯ ವಿವರಣೆ ತೀರಾ ಸರಳವಾದದ್ದು; ನಿಧಾನವಾಗಿ ನರಕೋಶಗಳ ನಡುವಿನ ಸಂಪರ್ಕಗಳೇ ಬದಲಾಗುತ್ತವೆ ಎಂಬುದು ಈಗಿನ ತಿಳಿವಳಿಕೆ. ಅದಕ್ಕೇ ತಲೆನೋವಿನ ಮಾತ್ರೆಯಂತೆ ಇವು ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಎರಡರಿಂದ ಆರು ವಾರ ಬೇಕು. ಕಷ್ಟವೆಂದರೆ, ಹೊಟ್ಟೆ ತೊಳಸುವುದು, ತಲೆನೋವು, ಸ್ವಲ್ಪ ಚಡಪಡಿಕೆ ಮುಂತಾದ ಅಡ್ಡಪರಿಣಾಮಗಳು ಮೊದಲ ವಾರದಲ್ಲೇ ಬರುತ್ತವೆ, ಗುಣ ಕಾಣಿಸುವುದು ಆಮೇಲೆ. ಇದನ್ನು ಮೊದಲೇ ಹೇಳದಿದ್ದರೆ ಯಾರಾದರೂ ನಾಲ್ಕನೆಯ ದಿನಕ್ಕೆ ಮಾತ್ರೆ ಎಸೆಯುತ್ತಾರೆ. ದೊಡ್ಡಮ್ಮನೂ ಎಸೆಯಲು ಹೊರಟಿದ್ದರು. ‘ಹತ್ತು ದಿನ ತಡೆದುಕೊಳ್ಳಿ ಅಮ್ಮ, ಹೆಚ್ಚಾದರೆ ನನಗೆ ತಿಳಿಸಿ’ ಎಂದು ವೈದ್ಯೆ ಹೇಳಿದ್ದ ಮಾತೇ ತಡೆಯಿತು. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದೂ ಉಂಟು. ಸಂಕೋಚಪಡದೆ ಹೇಳಿದರೆ ಮಾತ್ರೆ ಬದಲಿಸಬಹುದು ಅಥವಾ ಪ್ರಮಾಣ ಇಳಿಸಬಹುದು. ಇಪ್ಪತ್ತೈದಕ್ಕಿಂತ ಚಿಕ್ಕ ವಯಸ್ಸಿನವರಿಗೆ ಇವನ್ನು ಶುರುಮಾಡಿದಾಗ ಮೊದಲ ವಾರಗಳಲ್ಲಿ ಮನೆಯವರು ಹೆಚ್ಚು ಗಮನವಿಟ್ಟು ನೋಡಿಕೊಳ್ಳಬೇಕು, ಚಡಪಡಿಕೆಯೋ ಸಾವಿನ ಯೋಚನೆಯೋ ಹೆಚ್ಚಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಆ ಹೆಸರು ಬಂದಿರುವುದು ಆಲ್ಪ್ರಜೋಲಮ್, ಕ್ಲೊನಾಜೆಪಾಮ್‌ನಂಥ ಬೇರೆ ಗುಂಪಿನ ಮಾತ್ರೆಗಳಿಂದ. ಅವು ಕೂಡಲೇ ಆತಂಕ ಇಳಿಸಿ ನಿದ್ದೆ ತರುತ್ತವೆ, ಕೆಲವು ವಾರಗಳ ಮಟ್ಟಿಗೆ ವೈದ್ಯರು ಕೊಡುವುದೂ ಸರಿ. ಆದರೆ ತಿಂಗಳುಗಟ್ಟಲೆ ನುಂಗಿದರೆ ದೇಹ ಅದಕ್ಕೆ ಒಗ್ಗಿಬಿಡುತ್ತದೆ. ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ವರ್ಷಗಟ್ಟಲೆ ‘ನಿದ್ದೆ ಮಾತ್ರೆ’ ತರುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಈಗಾಗಲೇ ಮಾಡುತ್ತಿದ್ದರೆ ತಟ್ಟನೆ ನಿಲ್ಲಿಸಲೂ ಬೇಡಿ. ಅದನ್ನು ಹಂತಹಂತವಾಗಿ ಇಳಿಸಬೇಕು, ವೈದ್ಯರ ಲೆಕ್ಕದಲ್ಲಿ.

ಸಾಯುವವರೆಗೂ ನುಂಗಬೇಕೇ? ಮೊದಲ ಸಲ ಖಿನ್ನತೆ ಬಂದವರು ಪೂರ್ತಿ ಚೆನ್ನಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಿ, ಆಮೇಲೆ ನಿಧಾನವಾಗಿ ಬಿಡುವುದು ವಾಡಿಕೆ. ಮತ್ತೆ ಮತ್ತೆ ಬಂದವರಿಗೆ ಹೆಚ್ಚು ಕಾಲ ಬೇಕಾಗುತ್ತದೆ. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಸ್ಕಿಜೋಫ್ರೇನಿಯಾ ಅಥವಾ ಮನಸ್ಸು ವಿಪರೀತ ಏರುವ, ಕುಸಿಯುವ ಬೈಪೋಲಾರ್ ಕಾಯಿಲೆಯಲ್ಲಿ ಹಲವರಿಗೆ ವರ್ಷಗಳ ಚಿಕಿತ್ಸೆ ಬೇಕು, ಬಿ.ಪಿ.ಗೆ ಬೇಕಾದ ಹಾಗೆ. ಚೆನ್ನಾಗಿದ್ದೇನೆ ಎಂದು ತಾವೇ ನಿಲ್ಲಿಸುವುದು ಕಾಯಿಲೆ ಮರುಕಳಿಸಲು ಬಹಳ ಸಾಮಾನ್ಯವಾದ ಕಾರಣ.

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಎಂಬಿಬಿಎಸ್ ಮುಗಿಸಿ ಈ ವಿಷಯದಲ್ಲಿ ಉನ್ನತ ಪದವಿ ಪಡೆದವರು ಮನೋವೈದ್ಯರು, ಔಷಧಿ ಬರೆಯುವವರು ಅವರು. ಮಾತಿನ ಮೂಲಕ ಚಿಕಿತ್ಸೆ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು; ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಮಾತಿನ ಚಿಕಿತ್ಸೆ ಎಂದರೆ ಬುದ್ಧಿವಾದವಲ್ಲ. ಸಂತೆಗೆ ಹೋದರೆ ಎದೆ ಹೊಡೆದುಕೊಂಡು ಬಿದ್ದುಬಿಡುತ್ತೇನೆ ಎಂದು ಮನೆ ಹಿಡಿದವರಿಗೆ, ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತುದಿಗೇರಿ ತಾನಾಗಿ ಇಳಿಯುತ್ತದೆ ಎಂದು ಮೊದಲು ತಿಳಿಸುತ್ತಾರೆ. ಆಮೇಲೆ ಒಂದು ದಿನ ಗೇಟಿನವರೆಗೆ, ಇನ್ನೊಂದು ದಿನ ಅಂಗಡಿಯವರೆಗೆ, ಮತ್ತೊಂದು ದಿನ ಸಂತೆಯವರೆಗೆ ಹೋಗಿ, ಅದು ಇಳಿಯುವುದನ್ನು ತಾವೇ ಕಣ್ಣಾರೆ ನೋಡುವಂತೆ ಮಾಡುತ್ತಾರೆ. ಖಿನ್ನತೆಯಲ್ಲಿ ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯುವುದರ ಬದಲು, ದಿನಕ್ಕೆ ಒಂದು ಚಿಕ್ಕ ಕೆಲಸ ಗೊತ್ತುಮಾಡಿ, ಅದನ್ನು ಮಾಡಿದ ಮೇಲೆ ಮನಸ್ಸು ಹೇಗಾಯಿತೆಂದು ಬರೆದಿಡಲು ಹೇಳುತ್ತಾರೆ. ಸಾಧಾರಣ ಮಟ್ಟದ ಖಿನ್ನತೆ, ಆತಂಕಗಳಿಗೆ ಇದೊಂದೇ ಸಾಕಾಗಬಹುದು. ತೀವ್ರವಾದರೆ ಎರಡೂ ಬೇಕು.

ಇನ್ನು ದೊಡ್ಡಮ್ಮನ ಮೊದಲೆರಡು ಭಯಗಳು: ಅಲ್ಲೇ ಇರಿಸಿಕೊಳ್ಳುವುದು, ಕರೆಂಟ್ ಕೊಡುವುದು. ಇವು ಹುಟ್ಟಿದ್ದು ಸುಮ್ಮನೆ ಅಲ್ಲ. ಧಾರವಾಡದಲ್ಲಿ 1845ರಲ್ಲಿ, ಬೆಂಗಳೂರಿನಲ್ಲಿ 1847ರಲ್ಲಿ ಶುರುವಾದದ್ದು ಆಸ್ಪತ್ರೆಗಿಂತ ಹೆಚ್ಚಾಗಿ ಕೂಡಿಹಾಕುವ ತಾಣಗಳು. ‘ಹುಚ್ಚಾಸ್ಪತ್ರೆ’ ಎಂಬ ಮಾತು ಆ ಕಾಲದ್ದು. ಬೆಂಗಳೂರಿನ ಆ ಸಂಸ್ಥೆ 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು, 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಧಾರವಾಡದ್ದು ಇಂದಿನ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ. ಈಗ ಅಲ್ಲಿಗೆ ಬರುವವರಲ್ಲಿ ಬಹುಪಾಲು ಜನ ಹೊರರೋಗಿಗಳು, ಬೆಳಿಗ್ಗೆ ಬಂದು ಸಂಜೆ ಊರಿಗೆ ಮರಳುವವರು. ನಿಮ್ಹಾನ್ಸ್‌ನಲ್ಲಿ ಕುಟುಂಬದವರೂ ರೋಗಿಯ ಜೊತೆಗೆ ಉಳಿಯುವ ವ್ಯವಸ್ಥೆ ಇದೆ. ಹೆರಿಗೆಯ ನಂತರ ಬುದ್ಧಿ ಕಲಕುವ ಕಾಯಿಲೆಗೆ ನಮ್ಮಲ್ಲಿ ಬಾಣಂತಿ ಸನ್ನಿ ಎನ್ನುತ್ತಾರೆ. ಅಂಥ ತಾಯಂದಿರನ್ನು ಮಗುವಿನಿಂದ ಬೇರೆ ಮಾಡದೆ, ಇಬ್ಬರನ್ನೂ ಒಟ್ಟಿಗೆ ನೋಡಿಕೊಳ್ಳುವ ವಾರ್ಡ್ 2009ರಲ್ಲಿ ಅಲ್ಲಿ ಶುರುವಾಯಿತು. ಇದು ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ, ಏಕೆಂದರೆ ಬಾಣಂತಿಯನ್ನು ಆಸ್ಪತ್ರೆಗೆ ಸೇರಿಸಿದರೆ ಕೂಸಿನ ಗತಿಯೇನು ಎಂದು ಹೆದರಿ ಮನೆಯವರು ಆ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಸನ್ನಿ ಬಂದ ಬಾಣಂತಿಗೆ ಒಂದು ದಿನವೂ ತಡಮಾಡದೆ ಚಿಕಿತ್ಸೆ ಬೇಕು.

ಕರೆಂಟ್ ಎಂದು ಜನ ಹೇಳುವ ಇಸಿಟಿಯನ್ನು, ಅಂದರೆ ಮಿದುಳಿಗೆ ಕ್ಷಣಕಾಲ ಅಳತೆಯ ವಿದ್ಯುತ್ ಹಾಯಿಸುವ ಚಿಕಿತ್ಸೆಯನ್ನು, ಈಗಲೂ ಬಳಸುತ್ತಾರೆ: ಊಟ ನೀರು ಬಿಟ್ಟು ಕಲ್ಲಿನಂತೆ ಕುಳಿತವರಿಗೆ, ಪ್ರಾಣಾಪಾಯ ಇರುವಷ್ಟು ತೀವ್ರ ಖಿನ್ನತೆಯವರಿಗೆ. ಅಲ್ಲಿ ಅದು ಜೀವ ಉಳಿಸುತ್ತದೆ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟ ಮೇಲೆಯೇ ಮಾಡಬೇಕು. ಅರಿವಳಿಕೆಯಿಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ನಿದ್ದೆ ಬರುವುದಿಲ್ಲ ಎಂದು ಹೋದವರಿಗೆ ಯಾರೂ ಅದನ್ನು ಕೊಡುವುದಿಲ್ಲ.

ಈ ಕಾಯ್ದೆ ಜಾರಿಗೆ ಬಂದದ್ದು 2018ರಲ್ಲಿ, ಇದು ರೋಗಿಯ ಪರವಾಗಿ ನಿಲ್ಲುವ ಕಾಯ್ದೆ. ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. ತಾನಾಗಿ ದಾಖಲಾದವರು ಬಿಡುಗಡೆ ಕೇಳಬಹುದು. ತೀರ್ಮಾನ ತೆಗೆದುಕೊಳ್ಳುವ ಸ್ಥಿತಿಯಲ್ಲಿಲ್ಲದವರನ್ನು ಬೇರೆಯವರು ದಾಖಲಿಸಬೇಕಾದರೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಮೊದಲ ಅವಧಿ 30 ದಿನ ಮೀರುವಂತಿಲ್ಲ. ರೋಗಿಯ ವಿವರ ಗುಟ್ಟಾಗಿರಬೇಕು. ಪ್ರಾಣಾಪಾಯ ತಪ್ಪಿಸುವಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ಅದನ್ನು ಮೀರಬಹುದು. ಮೊಮ್ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಯಾರೂ ಹೇಳುವ ಹಾಗಿಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಪೊಲೀಸ್ ಕೇಸಾಗುತ್ತದೆಂದು ಹೆದರಿ ಅಂಥವರನ್ನು ಆಸ್ಪತ್ರೆಗೆ ಒಯ್ಯಲು ತಡಮಾಡಬೇಡಿ.

ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗುವುದು ತಪ್ಪೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ನಮ್ಮ ಮನೆಯಲ್ಲೂ ಮೊದಲು ಕಟ್ಟಿಸಿದ್ದು ತಾಯತವೇ. ನಿಮ್ಹಾನ್ಸ್‌ನ ಸಂಶೋಧಕರು ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಂಡಿದ್ದ 31 ಮಂದಿಯನ್ನು ಗಮನಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಔಷಧಿಯಿಲ್ಲದಿದ್ದರೂ ಅವರ ಲಕ್ಷಣಗಳು ತಕ್ಕಮಟ್ಟಿಗೆ ಕಡಿಮೆಯಾಗಿದ್ದವು. ಅಲ್ಲಿ ಯಾರೂ ಅವರನ್ನು ಬೈಯುತ್ತಿರಲಿಲ್ಲ, ಕಟ್ಟಿಹಾಕುತ್ತಿರಲಿಲ್ಲ, ಮನೆಯವರು ಜೊತೆಗಿದ್ದರು, ದೇವಸ್ಥಾನದ ಸಣ್ಣಪುಟ್ಟ ಕೆಲಸಗಳಿದ್ದವು. ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಏರ್ವಾಡಿಯಲ್ಲಿ ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು, ಸತ್ತವರು 28 ಮಂದಿ. ನಂಬಿಕೆಯ ಜಾಗದಲ್ಲಿ ಮನಸ್ಸಿಗೆ ನೆಮ್ಮದಿ ಸಿಗುವುದಾದರೆ ಹೋಗಿ ಬನ್ನಿ. ಕಟ್ಟಿಹಾಕುವ, ಹೊಡೆಯುವ, ಉಪವಾಸ ಕೆಡವುವ, ಮಾತ್ರೆ ನಿಲ್ಲಿಸು ಎನ್ನುವ ಜಾಗಕ್ಕೆ ಮಾತ್ರ ನಿಮ್ಮವರನ್ನು ಒಪ್ಪಿಸಬೇಡಿ. ಮನುಷ್ಯರನ್ನು ಸರಪಳಿಯಲ್ಲಿ ಕಟ್ಟುವುದನ್ನು ಈಗ ಕಾನೂನೇ ನಿಷೇಧಿಸಿದೆ.

ನೆರವಿನ ಮೊದಲ ಹೆಜ್ಜೆಯನ್ನು ರೋಗಿಯೇ ಇಡಬೇಕೆಂದು ಕಾಯುವುದೂ ಸರಿಯಲ್ಲ. ಕಾಯಿಲೆ ಮೊದಲು ಕಸಿದುಕೊಳ್ಳುವುದೇ ಆ ಹೆಜ್ಜೆ ಇಡುವ ಶಕ್ತಿಯನ್ನು. ನಟಿ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದಾಗ, ತಮಗೆ ಏನೋ ಆಗಿದೆ, ತಜ್ಞರ ನೆರವು ಬೇಕು ಎಂದು ಗುರುತಿಸಿದ್ದು ತಮ್ಮ ತಾಯಿ ಎಂದು ಹೇಳಿದರು. ಎಲ್ಲ ಅನುಕೂಲ ಇದ್ದವರಿಗೂ ಇನ್ನೊಬ್ಬರ ಕಣ್ಣು ಬೇಕಾಯಿತು.

ಹೇಗೆ ಹೇಳುವುದು? ‘ಧೈರ್ಯ ತಂದುಕೋ’, ‘ನಿನಗೇನು ಕಡಿಮೆಯಾಗಿದೆ’, ‘ಯೋಗ ಮಾಡು, ಸರಿಹೋಗುತ್ತದೆ’ ಎಂಬ ಮಾತುಗಳನ್ನು ಬಿಟ್ಟುಬಿಡಿ. ಕೇಳುವವರಿಗೆ ಅವು ತಪ್ಪು ತನ್ನದೇ ಎಂಬಂತೆ ಕೇಳಿಸುತ್ತವೆ. ಕಂಡದ್ದನ್ನು ಕಂಡ ಹಾಗೆ ಹೇಳಿ: ‘ಇಪ್ಪತ್ತು ದಿನದಿಂದ ನೀನು ಸರಿಯಾಗಿ ಊಟ ಮಾಡಿಲ್ಲ, ರಾತ್ರಿ ಓಡಾಡುತ್ತಿರುತ್ತೀಯ. ನನಗೆ ಕಳವಳವಾಗಿದೆ. ಮಂಗಳವಾರ ಹೋಗೋಣ, ನಾನೂ ಬರುತ್ತೇನೆ.’ ದಿನ ಗೊತ್ತುಮಾಡುವುದು ಬಹಳ ಮುಖ್ಯ. ‘ಒಮ್ಮೆ ತೋರಿಸು’ ಎಂದು ಬಿಟ್ಟರೆ ಆ ಒಮ್ಮೆ ಬರುವುದೇ ಇಲ್ಲ. ನಿದ್ದೆಗೆಂದೋ ಎದೆ ಬಡಿತಕ್ಕೆಂದೋ ಹೇಳಿ ಕರೆದುಕೊಂಡು ಹೋದರೂ ತಪ್ಪಿಲ್ಲ, ಅದು ಸುಳ್ಳಲ್ಲ. ಆದರೆ ಬೇರೆಲ್ಲಿಗೋ ಎಂದು ನಂಬಿಸಿ ಒಯ್ಯಬೇಡಿ, ಎರಡನೆಯ ಸಲ ಅವರು ನಿಮ್ಮನ್ನು ನಂಬುವುದಿಲ್ಲ.

ಯಾರಾದರೂ ಸಾಯುವ ಮಾತನಾಡಿದರೆ, ಸಾಮಾನು ಹಂಚತೊಡಗಿದರೆ, ಎಲ್ಲರಿಗೂ ವಿದಾಯ ಹೇಳುವಂತೆ ಮಾತನಾಡಿದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ನೇರವಾಗಿ ಕೇಳಿ, ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ತಂದ ಕೀಟನಾಶಕವನ್ನೂ ಮಾತ್ರೆಗಳ ಡಬ್ಬಿಯನ್ನೂ ಮನೆಯಿಂದ ದೂರ ಸಾಗಿಸಿ. ಆ ಆವೇಗ ಎಷ್ಟೋ ಸಲ ಕೆಲವೇ ಗಂಟೆಗಳದ್ದು, ಅಷ್ಟು ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ. ಅದೇ ದಿನ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ರಾತ್ರಿ ಎರಡು ಗಂಟೆಗೆ ಯಾರನ್ನು ಕೇಳುವುದು? 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಹೊರರಾಜ್ಯದಲ್ಲಿ ಓದುವ, ದುಡಿಯುವ ಕನ್ನಡಿಗರು ಅಲ್ಲಿಂದಲೂ ಕರೆ ಮಾಡಿ ಕನ್ನಡ ಆರಿಸಿಕೊಳ್ಳಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ರೋಗಿಯೇ ಮಾಡಬೇಕೆಂದಿಲ್ಲ, ನೋಡಿಕೊಳ್ಳುವವರೂ ಮಾಡಬಹುದು.

ಮುಖಾಮುಖಿ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಹಳ್ಳಿಗಳಲ್ಲೇ ಚಿಕಿತ್ಸೆ ಒದಗಿಸಬಹುದು ಎಂಬುದನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಈ ವಿಭಾಗ ಇರುತ್ತದೆ, ಸಾಮಾನ್ಯ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಳ್ಳಬೇಕಾಗಿ ಬಂದರೂ ಜನೌಷಧಿ ಕೇಂದ್ರದಲ್ಲಿ ಬೆಲೆ ಕಡಿಮೆ. ಕೊರತೆಗಳು ಇಲ್ಲವೆಂದಲ್ಲ. ಸಾಲು ಉದ್ದ, ವೈದ್ಯರಿಗೆ ಸಮಯ ಕಡಿಮೆ, ಕೆಲವು ಸಲ ಮಾತ್ರೆ ಮುಗಿದಿರುತ್ತದೆ. ಹಾಗಾಗಿ ಹೋಗುವ ಮೊದಲು ಒಂದು ಕಾಗದದಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಯಾವಾಗಿನಿಂದ, ಏನೇನು, ಯಾವ ಮಾತ್ರೆಗಳು, ಕೇಳಬೇಕಾದ ಪ್ರಶ್ನೆ. ಐದು ನಿಮಿಷವೇ ಸಿಕ್ಕರೂ ಅದು ಕೈ ಹಿಡಿಯುತ್ತದೆ. ಒಬ್ಬ ವೈದ್ಯರು ಹೊಂದಿಕೆಯಾಗದಿದ್ದರೆ ಇನ್ನೊಬ್ಬರನ್ನು ನೋಡಿ.

ದೊಡ್ಡಮ್ಮನಿಗೆ ಐದನೆಯ ವಾರದಲ್ಲಿ ನಿದ್ದೆ ಮರಳಿತು. ಎದೆ ಹೊಡೆದುಕೊಳ್ಳುವುದು ನಿಲ್ಲಲು ಮೂರು ತಿಂಗಳು ಹಿಡಿಯಿತು. ನಡುವೆ ಒಮ್ಮೆ ಪ್ರಮಾಣ ಹೆಚ್ಚಿಸಬೇಕಾಯಿತು, ಒಂದು ತಿಂಗಳು ಹಬ್ಬದ ಗಡಿಬಿಡಿಯಲ್ಲಿ ಮಾತ್ರೆ ಬಿಟ್ಟು ಮತ್ತೆ ಕೆಟ್ಟಿತು. ಈಗ ಮಾತ್ರೆ ಅರ್ಧಕ್ಕೆ ಇಳಿದಿದೆ. ಬೀದಿಯವರಿಗೆ ಅದು ಬಿ.ಪಿ. ಮಾತ್ರೆ ಎಂದೇ ಹೇಳುತ್ತಾರೆ, ನಾನು ತಿದ್ದಲು ಹೋಗಿಲ್ಲ. ಎಷ್ಟು ಹೇಳಬೇಕು, ಯಾರಿಗೆ ಹೇಳಬೇಕು ಎಂಬುದು ಅವರ ಇಷ್ಟ.

ಕಳೆದ ಆಷಾಢದಲ್ಲಿ ಪಕ್ಕದ ಮನೆಯ ಸೊಸೆ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು ಹೊಸಿಲಿನ ಬಳಿಯೇ ನಿಂತಿದ್ದಳಂತೆ. ‘ಅಮ್ಮಾ, ನೀವು ಹೋಗುತ್ತೀರಲ್ಲ, ಆ ಡಾಕ್ಟರು ಎಷ್ಟು ಗಂಟೆಗೆ ಬರುತ್ತಾರೆ?’ ಎಂದು ಕೇಳಿದಳಂತೆ. ‘ಹತ್ತು ಗಂಟೆಗೆ. ನೀನು ಒಂಬತ್ತಕ್ಕೇ ಹೋಗಿ ಚೀಟಿ ಮಾಡಿಸು. ಹಳೆಯ ರಿಪೋರ್ಟು ಇದ್ದರೆ ತಗೊಂಡು ಹೋಗು, ಆ ಮೇಡಂ ಎಲ್ಲವನ್ನೂ ಬಿಡಿಸಿ ನೋಡುತ್ತಾರೆ’ ಎಂದು ದೊಡ್ಡಮ್ಮ ಹೇಳಿ ಕಳುಹಿಸಿದ್ದಾರೆ.